ನಾಲ್ಕು ಪುಟ್ಟ ಲೈಟು, ಹಿಂದೊಂದು ಬಟನ್: ನನ್ನ ಬಿ450 ಮದರ್‌ಬೋರ್ಡ್ ಬಗ್ಗೆ

ಮದರ್‌ಬೋರ್ಡ್ (ಕಂಪ್ಯೂಟರಿನ ಎಲ್ಲಾ ಭಾಗ ಜೋಡಿಸುವ ದೊಡ್ಡ ಹಲಗೆ) ಬಗ್ಗೆ ಜನ ಕೊಂಡ ವಾರದಲ್ಲೇ ಬರೆದುಬಿಡುತ್ತಾರೆ. ಬಾಕ್ಸ್ ಚೆನ್ನಾಗಿದೆ, ಹೀಟ್‌ಸಿಂಕ್ ದಪ್ಪ ಇದೆ, ಬಣ್ಣದ ಲೈಟು ಬರುತ್ತೆ, ಐದು ಸ್ಟಾರ್. ನಾನು ಆರು ವರ್ಷ ಬಳಸಿ ಬರೆಯುತ್ತಿದ್ದೇನೆ. ನಿಜ ಹೇಳಬೇಕು ಅಂದರೆ ಆರು ವರ್ಷವೂ ಅಲ್ಲ, ಎರಡು ರಾತ್ರಿ. ಉಳಿದ ದಿನಗಳಲ್ಲಿ ಇಂಥದ್ದೊಂದು ಬೋರ್ಡ್ ಕ್ಯಾಬಿನೆಟ್ಟಿನೊಳಗೆ ಇದೆ ಅನ್ನುವುದೇ ನನಗೆ ನೆನಪಿರಲಿಲ್ಲ. ಕಂಪ್ಯೂಟರ್ ಆನ್ ಆಗುತ್ತಿತ್ತು, ಕೆಲಸ ಮಾಡುತ್ತಿದ್ದೆ, ಆಫ್ ಮಾಡುತ್ತಿದ್ದೆ. ಬೋರ್ಡ್ ಒಳ್ಳೆಯದೋ ಕೆಟ್ಟದ್ದೋ ಅಂತ ಗೊತ್ತಾಗಿದ್ದು ಅದು ಆನ್ ಆಗದೇ ಕೂತ ದಿನ.

ಕಂಪನಿ ಹೆಸರು ಬರೆಯುವುದಿಲ್ಲ. ಬೈಯುವುದೂ ಇದೆ, ಹೊಗಳುವುದೂ ಇದೆ. ಅದೂ ಅಲ್ಲದೆ ನಾನು ಹೇಳುವ ಮುಕ್ಕಾಲು ಭಾಗ ಆ ಕಾಲದ ಬಹಳಷ್ಟು ಬಿ450 ಬೋರ್ಡುಗಳಿಗೆ ಹೊಂದುತ್ತದೆ. ಬಿ450 ಅನ್ನುವುದು ಬೋರ್ಡಿನ ಮುಖ್ಯ ಚಿಪ್ಪಿನ ಹೆಸರು, ಅದನ್ನು ಹಾಕಿ ಹಲವು ಕಂಪನಿಗಳು ಬೋರ್ಡ್ ಮಾಡಿವೆ.

ನನ್ನ ಕೆಲಸ ಪುಸ್ತಕದ ಪುಟ ಜೋಡಿಸುವುದು. ಮನೆಯಲ್ಲೇ ಕೂತು ಮಾಡುತ್ತೇನೆ. 2019ರಲ್ಲಿ ಈ ಬೋರ್ಡು, ರೈಜೆನ್ 5 2600 ಪ್ರೊಸೆಸರ್, ಎಂಟೆಂಟು ಜಿಬಿಯ ಎರಡು ರ‍್ಯಾಮ್ ತಂದು ನಾನೇ ಜೋಡಿಸಿದ್ದೆ. ಚೆನ್ನಾಗೇ ಓಡಿತು. ಈಚೆಗೆ ಚಿತ್ರ ಜಾಸ್ತಿ ಇರುವ ಪುಸ್ತಕದ ಪಿಡಿಎಫ್ ಮಾಡಲು ಕೊಟ್ಟರೆ ಎದ್ದು ಹೋಗಿ ಬಟ್ಟೆ ಒಣಗಿಸಿ ಬಂದರೂ ಮುಗಿದಿರುತ್ತಿರಲಿಲ್ಲ. ಸರಿ, ರೈಜೆನ್ 5 5600 ತಂದೆ. ಎರಡರಲ್ಲೂ ಆರು ಕೋರ್ (ಲೆಕ್ಕ ಮಾಡುವ ಘಟಕ), ಎರಡೂ 65 ವ್ಯಾಟ್, ಎರಡೂ ಕೂರುವುದು ಬೋರ್ಡಿನ ಎಎಂ4 ಅನ್ನುವ ಸಾಕೆಟ್ಟಿನಲ್ಲೇ. ಹೊಸದರ ಒಂದೊಂದು ಕೋರೂ ಹಳೆಯದಕ್ಕಿಂತ ತುಂಬಾ ಚುರುಕು. ಜೊತೆಗೆ 16 ಜಿಬಿಯ ಎರಡು ರ‍್ಯಾಮ್, ಒಂದು ಎನ್‌ವಿಎಂಇ ಎಸ್‌ಎಸ್‌ಡಿ (ಬೋರ್ಡಿನ ಮೇಲೇ ನೇರ ಕೂರುವ ವೇಗದ ಡಿಸ್ಕ್). ಮೂರನ್ನೂ ಒಂದೇ ಸಂಜೆ ಹಾಕಿದೆ. ಇದು ಮೊದಲನೇ ದಡ್ಡತನ. ಒಂದೊಂದೇ ಹಾಕಿ ಒಂದೊಂದು ಸಲ ಆನ್ ಮಾಡಿ ನೋಡಿದ್ದರೆ ಎರಡು ರಾತ್ರಿಯ ಕಥೆ ಒಂದು ಗಂಟೆಗೆ ಮುಗಿಯುತ್ತಿತ್ತು. ಆದರೆ ಕ್ಯಾಬಿನೆಟ್ ಬಿಚ್ಚಿದ ಮೇಲೆ ಕೈ ಸುಮ್ನೆ ಇರಬೇಕಲ್ಲ.

ಎರಡನೇ ದಡ್ಡತನ ಐದೇ ನಿಮಿಷದಲ್ಲಿ ಆಯಿತು. ಕೂಲರ್ ಸ್ಕ್ರೂ ನಾಲ್ಕೂ ಬಿಚ್ಚಿ ಮೇಲಕ್ಕೆ ಎಳೆದೆ. ಬರಲಿಲ್ಲ. ಇನ್ನೊಂದು ಸ್ವಲ್ಪ ಎಳೆದೆ. ಟಪ್ ಅಂತ ಬಂತು, ಪ್ರೊಸೆಸರ್ ಸಮೇತ. ಸಾಕೆಟ್ಟಿನ ಲಿವರ್ ಇನ್ನೂ ಲಾಕ್ ಆಗಿಯೇ ಇತ್ತು, ಪ್ರೊಸೆಸರ್ ಮಾತ್ರ ಕೂಲರಿನ ಅಡಿಗೆ ಅಂಟಿಕೊಂಡು ನೇತಾಡುತ್ತಿತ್ತು. ಎಎಂ4ನಲ್ಲಿ ಪಿನ್ನುಗಳಿರುವುದು ಪ್ರೊಸೆಸರಿನ ಹೊಟ್ಟೆಯಲ್ಲಿ, 1331 ಪಿನ್. ಮೇಲಿಂದ ಒತ್ತಿ ಹಿಡಿಯುವ ತಗಡು ಇರುವುದಿಲ್ಲ, ಲಿವರ್ ಪಕ್ಕದಿಂದ ಪಿನ್ನುಗಳನ್ನು ಬಿಗಿ ಹಿಡಿಯುತ್ತದೆ ಅಷ್ಟೇ. ಪ್ರೊಸೆಸರಿನ ಶಾಖ ಕೂಲರಿಗೆ ದಾಟಲಿ ಅಂತ ನಡುವೆ ಹಚ್ಚುವ ಥರ್ಮಲ್ ಪೇಸ್ಟ್ ಆರು ವರ್ಷ ಒಣಗಿ ಅದಕ್ಕಿಂತ ಗಟ್ಟಿಯಾಗಿತ್ತು. ಟಾರ್ಚ್ ಹಿಡಿದು ನೋಡಿದೆ. ಮೂಲೆಯಲ್ಲಿ ಒಂದೇ ಒಂದು ಪಿನ್ ಪಕ್ಕದವನ ಹೆಗಲ ಮೇಲೆ ತಲೆ ಇಟ್ಟು ಮಲಗಿತ್ತು.

ಹಳೇ ಪ್ರೊಸೆಸರ್ ತಾನೇ, ಇನ್ನು ಯಾಕೆ ಬೇಕು ಅಂತ ಪಕ್ಕಕ್ಕಿಟ್ಟೆ. ಯಾಕೆ ಬೇಕು ಅನ್ನುವುದು ಎರಡು ಗಂಟೆ ಬಿಟ್ಟು ಗೊತ್ತಾಯಿತು. ನೀವು ಇದೇ ಕೆಲಸಕ್ಕೆ ಕೈ ಹಾಕುವುದಾದರೆ ಮೊದಲು ಕಂಪ್ಯೂಟರನ್ನು ಹತ್ತು ಹದಿನೈದು ನಿಮಿಷ ಓಡಿಸಿ. ಪೇಸ್ಟ್ ಬಿಸಿಯಾಗಿ ಸ್ವಲ್ಪ ಮೆತ್ತಗಾಗುತ್ತದೆ. ಆಮೇಲೆ ಆಫ್ ಮಾಡಿ, ವೈರ್ ಕಿತ್ತು, ಕೂಲರನ್ನು ಎಡಕ್ಕೆ ಬಲಕ್ಕೆ ತಿರುಚಿ, ಸಡಿಲ ಆದ ಮೇಲೆಯೇ ಎತ್ತಿ. ಡಬ್ಬಿ ಮುಚ್ಚಳ ತೆಗೆಯುವ ಹಾಗೆ. ನೇರ ಎಳೆಯಬೇಡಿ.

ಹೊಸದನ್ನು ಕೂರಿಸಿದೆ. ಪೇಸ್ಟ್ ಹಚ್ಚಿದೆ, ಕೂಲರ್ ಬಿಗಿದೆ, ರ‍್ಯಾಮ್ ಹಾಕಿದೆ, ಎಸ್‌ಎಸ್‌ಡಿಗೆ ಅದರ ಸಾಸಿವೆ ಕಾಳಿನಷ್ಟು ಸ್ಕ್ರೂ ಹಾಕಿದೆ. ಅದನ್ನು ಎರಡು ಸಲ ಬೀಳಿಸಿ ಹುಡುಕಿದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಪವರ್ ಒತ್ತಿದೆ. ಫ್ಯಾನ್ ಎಲ್ಲ ತಿರುಗಿತು. ಮಾನಿಟರಿನಲ್ಲಿ ‘ನೋ ಸಿಗ್ನಲ್’.

ಫ್ಯಾನ್ ತಿರುಗಿದರೆ ಕಂಪ್ಯೂಟರ್ ಬದುಕಿದೆ ಅಂತ ನಾವು ಅಂದುಕೊಳ್ಳುತ್ತೇವೆ. ಹಾಗೇನಿಲ್ಲ. ಫ್ಯಾನಿಗೆ 12 ವೋಲ್ಟ್ ಬಂದರೆ ಸಾಕು, ಅದು ತಿರುಗುತ್ತದೆ. ಪ್ರೊಸೆಸರಿಗೆ ಹೋಗುವ ಎಂಟು ಪಿನ್ನಿನ ವೈರ್ ಹಾಕಲು ಮರೆತಿದ್ದರೂ ಫ್ಯಾನ್ ಠೀವಿಯಿಂದ ತಿರುಗುತ್ತಲೇ ಇರುತ್ತದೆ.

ಈಗ ಬೋರ್ಡಿನ ಮೊದಲನೇ ಒಳ್ಳೆಯ ಗುಣಕ್ಕೆ ಬರುತ್ತೇನೆ. ಬಲ ಅಂಚಿನಲ್ಲಿ, 24 ಪಿನ್ನಿನ ದಪ್ಪ ಕೇಬಲ್ ಕೂರುವ ಜಾಗದ ಪಕ್ಕ, ನಾಲ್ಕು ಪುಟ್ಟ ಲೈಟಿವೆ. ಎಳ್ಳಿಗಿಂತ ಸ್ವಲ್ಪ ದೊಡ್ಡವು. ಪಕ್ಕದಲ್ಲಿ ಸಿಪಿಯು, ಡಿರ‍್ಯಾಮ್, ವಿಜಿಎ, ಬೂಟ್ ಅಂತ ಬರೆದಿದೆ. ಅಂದರೆ ಪ್ರೊಸೆಸರ್, ರ‍್ಯಾಮ್, ಗ್ರಾಫಿಕ್ಸ್, ವಿಂಡೋಸ್ ಇರುವ ಡಿಸ್ಕ್. ಆನ್ ಮಾಡಿದಾಗ ಇವು ಒಂದಾದ ಮೇಲೊಂದು ಹೊತ್ತಿ ಆರುತ್ತವೆ. ಎಲ್ಲಿ ಆರದೇ ನಿಲ್ಲುತ್ತದೋ ಅಲ್ಲಿ ತೊಂದರೆ. ಇಷ್ಟೇ. ಆರು ವರ್ಷ ನಾನು ಇದನ್ನು ನೋಡಿಯೇ ಇರಲಿಲ್ಲ. ಯಾಕಂದರೆ ಕೇಬಲ್ ಬಾಗಿ ಅದರ ಮೇಲೇ ಒರಗಿಕೊಂಡಿತ್ತು. ಇಷ್ಟು ಉಪಯೋಗದ ಲೈಟನ್ನು ಅಷ್ಟು ಮರೆಯಲ್ಲಿಟ್ಟವರು, ಉಪಯೋಗವಿಲ್ಲದ ಬಣ್ಣದ ಲೈಟಿನ ಸಾಲನ್ನು ಮಾತ್ರ ಗಾಜಿನ ಎದುರಿಗೇ ಇಟ್ಟಿದ್ದಾರೆ.

ಮಗನಿಗೆ ಫೋನ್ ಮಾಡಿದೆ. ಅವನು ಓದಲು ಹೋಗಿ ದೂರದಲ್ಲಿದ್ದಾನೆ.

“ಅಮ್ಮ, ಯಾವ ಲೈಟ್ ಹತ್ತಿದೆ ಹೇಳು.”

“ಕೆಂಪುದು.”

“ಎಲ್ಲಾ ಕೆಂಪೇ ಅಮ್ಮ. ಪಕ್ಕದಲ್ಲಿ ಏನು ಬರೆದಿದೆ ನೋಡು.”

ಕನ್ನಡಕ ಹಾಕಿಕೊಂಡರೂ ಕಾಣಲಿಲ್ಲ. ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ಓದಿದೆ. ಸಿಪಿಯು.

“ಎಂಟು ಪಿನ್ ವೈರ್ ಸರಿಯಾಗಿ ಕೂತಿದೆಯಾ? ಗ್ರಾಫಿಕ್ಸ್ ಕಾರ್ಡಿನ ವೈರನ್ನೇ ಅಲ್ಲಿ ತುರುಕಿಲ್ಲ ತಾನೇ?”

“ನಾನೇನು ನಿನ್ನೆ ಮೊನ್ನೆ ಹುಟ್ಟಿದವಳಾ ಮಾರಾಯ?”

ಆದರೂ ಅವನು ಫೋನ್ ಇಟ್ಟ ಮೇಲೆ ನೋಡಿದೆ. ಎರಡೂ ಎಂಟು ಪಿನ್ನೇ, ನೋಡಲು ಅಣ್ಣ ತಮ್ಮ ಇದ್ದ ಹಾಗೆ. ಒಳಗಿನ ತೂತುಗಳ ಆಕಾರ ಮಾತ್ರ ಬೇರೆ. ಸರಿಯಾದ್ದೇ ಇತ್ತು. ಪ್ರೊಸೆಸರ್ ತೆಗೆದು ಪಿನ್ ನೋಡಿದೆ, ಎಲ್ಲಾ ನೆಟ್ಟಗಿದ್ದವು. ಮತ್ತೆ ಕೂರಿಸಿದೆ. ಬೋರ್ಡಿನ ನಾಣ್ಯದಂಥ ಸೆಲ್, ಸಿಆರ್2032, ಅದನ್ನು ಕಿತ್ತು ಹತ್ತು ನಿಮಿಷ ಬಿಟ್ಟು ಹಾಕಿದೆ. ಬಯೋಸ್, ಅಂದರೆ ಆನ್ ಮಾಡಿದ ಕೂಡಲೇ ಮೊದಲು ಓಡುವ ಬೋರ್ಡಿನದೇ ಪ್ರೋಗ್ರಾಂ, ಅದರ ಸೆಟ್ಟಿಂಗ್ ಎಲ್ಲಾ ಅಳಿಸಿ ಮೊದಲಿನಂತಾಗಲಿ ಅಂತ. ಮತ್ತೆ ಅದೇ ಕೆಂಪು ಕಣ್ಣು.

ಬೀಪ್ ಶಬ್ದವಾದರೂ ಬರುತ್ತದೇನೋ ಅಂತ ಹಳೇ ಕ್ಯಾಬಿನೆಟ್ಟಿನಿಂದ ಪುಟ್ಟ ಸ್ಪೀಕರ್ ಕಿತ್ತು ತಂದು ಹಾಕಿದೆ. ಈ ಬೋರ್ಡಿನ ಜೊತೆ ಅದು ಬರುವುದಿಲ್ಲ, ಜೋಡಿಸಲು ನಾಲ್ಕು ಪಿನ್ ಮಾತ್ರ ಕೊಟ್ಟಿದ್ದಾರೆ. ಒಂದು ಬೀಪೂ ಇಲ್ಲ. ಆಮೇಲೆ ಯೋಚಿಸಿದರೆ ಸರಿಯೇ. ಬೀಪ್ ಮಾಡಿಸುವುದು ಬಯೋಸ್ ಪ್ರೋಗ್ರಾಂ, ಆ ಪ್ರೋಗ್ರಾಂ ಓಡಬೇಕಾದ್ದು ಪ್ರೊಸೆಸರ್ ಮೇಲೆ. ಪ್ರೊಸೆಸರೇ ಏಳದಿದ್ದರೆ ಬೀಪ್ ಯಾರು ಮಾಡಬೇಕು? ಇಂಥ ಹೊತ್ತಿನಲ್ಲಿ ಸ್ಪೀಕರ್ ಮೂಗ, ಲೈಟಿಗೆ ಮಾತ್ರ ಬಾಯಿ ಇರುತ್ತದೆ.

ಉತ್ತರ ಸಿಕ್ಕಿದ್ದು ಅಟ್ಟದ ಮೇಲಿದ್ದ ಬೋರ್ಡಿನ ಖಾಲಿ ಬಾಕ್ಸಿನಲ್ಲಿ. ಅದರ ಮೇಲೆ ‘ರೈಜೆನ್ 3000 ರೆಡಿ’ ಅಂತ ಒಂದು ಸ್ಟಿಕ್ಕರ್. 3000. ನನ್ನ ಕೈಯಲ್ಲಿದ್ದದ್ದು 5600. ಬಿ450 ಬೋರ್ಡುಗಳು ಬಂದದ್ದು 2018ರಲ್ಲಿ. 5600 ಬಂದದ್ದು 2022ರ ಏಪ್ರಿಲ್‌ನಲ್ಲಿ. ಬೋರ್ಡಿನ ಬಯೋಸ್ ನಾನು ಕೊಂಡ ದಿನದ್ದೇ. ಆರು ವರ್ಷದಲ್ಲಿ ಒಂದು ಸಲವೂ ಅಪ್‌ಡೇಟ್ ಮಾಡಿರಲಿಲ್ಲ. ಓಡುತ್ತಿರುವುದನ್ನು ಮುಟ್ಟಬಾರದು ಅನ್ನುವವರ ಪೈಕಿ ನಾನು. ಸಾಕೆಟ್ ಒಂದೇ ಆಗಿದ್ದಕ್ಕೆ ಪ್ರೊಸೆಸರ್ ಒಳಗೆ ಕೂತಿತು, ಆದರೆ ಬಂದವರು ಯಾರು ಅಂತಲೇ ಬೋರ್ಡಿಗೆ ಗೊತ್ತಾಗಲಿಲ್ಲ. ಹಳೇ ಪ್ರೊಸೆಸರ್ ಹಾಕಿ ಆನ್ ಮಾಡಿ ಬಯೋಸ್ ಅಪ್‌ಡೇಟ್ ಮಾಡೋಣ ಅಂದರೆ, ಅದರ ಪಿನ್ ಬಾಗಿದೆ.

ಈ ಪ್ರೊಸೆಸರುಗಳು ಬಿ450ಗೆ ಹೊಂದುವುದೇ ಒಂದು ಪುಣ್ಯ. 2020ರ ಮೇನಲ್ಲಿ ರೈಜೆನ್ ಮಾಡುವ ಎಎಂಡಿ ಕಂಪನಿ, ಝೆನ್ 3 ಪೀಳಿಗೆಯ ಪ್ರೊಸೆಸರುಗಳು (ನನ್ನ 5600 ಕೂಡ ಆ ಪೀಳಿಗೆಯದೇ) ಬಿ450 ಸೇರಿದ 400 ಸರಣಿಯ ಬೋರ್ಡಿನಲ್ಲಿ ನಡೆಯುವುದಿಲ್ಲ ಅಂತಲೇ ಹೇಳಿತ್ತು. ಬಳಕೆದಾರರು ಗಲಾಟೆ ಎಬ್ಬಿಸಿದರು. ಅದೇ ತಿಂಗಳೊಳಗೆ ಕಂಪನಿ ಮಾತು ಬದಲಿಸಿತು. ಬಯೋಸ್ ಇಟ್ಟುಕೊಳ್ಳುವ ಚಿಪ್ಪಿನಲ್ಲಿ ಜಾಗ ಸಾಲದು ಅನ್ನುವುದು ಒಂದು ಕಾರಣವಾಗಿತ್ತು. ಬಹಳ ಬೋರ್ಡುಗಳಲ್ಲಿ ಆ ಚಿಪ್ 16 ಎಂಬಿ ಮಾತ್ರ. ಹೊಸಬರಿಗೆ ಜಾಗ ಮಾಡಲು ಕೆಲವು ಕಂಪನಿಗಳು ತೀರ ಹಳೇ ಪ್ರೊಸೆಸರುಗಳ ಹೆಸರು ಹೊಡೆದುಹಾಕಿದವು, ಕೆಲವು ಬಯೋಸ್ ಪರದೆಯ ಅಂದಚೆಂದ ಕಿತ್ತವು.

ಇಷ್ಟೆಲ್ಲಾ ಗೊತ್ತಿರುವ ನಾನು ಪ್ರೊಸೆಸರ್ ಬದಲಿಸುವ ಮೊದಲು ಬಯೋಸ್ ಅಪ್‌ಡೇಟ್ ಮಾಡಬಾರದಿತ್ತೇ? ಮಾಡಬೇಕಿತ್ತು. ಬೋರ್ಡಿನ ವೆಬ್‌ಸೈಟಿನಲ್ಲಿ ಯಾವ ಪ್ರೊಸೆಸರಿಗೆ ಯಾವ ಬಯೋಸಿನಿಂದ ಮುಂದೆ ಅಂತ ಪಟ್ಟಿಯೇ ಇದೆ. ನಾನು ಆ ಪಟ್ಟಿಯಲ್ಲಿ 5600 ಅನ್ನುವ ಹೆಸರು ಇದೆ ಅಂತ ನೋಡಿ ಖುಷಿಪಟ್ಟು, ಕೊನೆಯ ಕಾಲಂ ನೋಡದೇ ಪುಟ ಮುಚ್ಚಿದ್ದೆ.

ಆ ರಾತ್ರಿಯೇ ಕಂಪನಿಯ ಸಹಾಯವಾಣಿಗೆ ಮೇಲ್ ಹಾಕಿದೆ. ಹೊಸ ಪ್ರೊಸೆಸರ್, ಹಳೇ ಬಯೋಸ್, ಪರದೆ ಬರುತ್ತಿಲ್ಲ, ಹಳೇ ಪ್ರೊಸೆಸರಿನ ಪಿನ್ ಬಾಗಿದೆ ಅಂತ ಎಲ್ಲಾ ವಿವರ ಬರೆದೆ. ಉತ್ತರ ಬಂದದ್ದು ಎರಡು ದಿನ ಬಿಟ್ಟು. ಆಗ ಕಂಪ್ಯೂಟರ್ ಸರಿಹೋಗಿತ್ತು. ಉತ್ತರ ಏನು ಗೊತ್ತಾ? ‘ದಯವಿಟ್ಟು ಕಂಪ್ಯೂಟರ್ ಆನ್ ಮಾಡಿ, ಡಿಲೀಟ್ ಕೀ ಒತ್ತಿ ಬಯೋಸಿಗೆ ಹೋಗಿ, ಅಲ್ಲಿಂದ ಅಪ್‌ಡೇಟ್ ಮಾಡಿ.’ ಆನ್ ಮಾಡಲು ಆಗಿದ್ದರೆ ನಿಮಗೆ ಯಾಕೆ ಬರೆಯುತ್ತಿದ್ದೆ ಸ್ವಾಮಿ? ಅದಕ್ಕಿಂತ ಬೇಜಾರು ಅಂದರೆ, ಅವರದೇ ಬೋರ್ಡಿನ ಹಿಂಭಾಗದಲ್ಲಿ ಇದಕ್ಕೆ ಮದ್ದು ಇತ್ತು. ಅದರ ಸುದ್ದಿಯೇ ಮೇಲ್‌ನಲ್ಲಿ ಇಲ್ಲ.

ಆ ಮದ್ದೇ ಬಯೋಸ್ ಫ್ಲ್ಯಾಶ್‌ಬ್ಯಾಕ್ ಬಟನ್. ಯುಎಸ್‌ಬಿ ಕಿಂಡಿಗಳ ಪಕ್ಕ, ಬೆರಳ ತುದಿಯಷ್ಟು ಅಗಲ. ಪ್ರೊಸೆಸರ್ ಬೇಡ, ರ‍್ಯಾಮ್ ಬೇಡ, ಗ್ರಾಫಿಕ್ಸ್ ಕಾರ್ಡ್ ಬೇಡ. ಎಸ್‌ಎಂಪಿಎಸ್ ಅನ್ನುವ ಕರೆಂಟ್ ಡಬ್ಬಿಯಿಂದ ಬೋರ್ಡಿಗೆ ಕರೆಂಟ್ ಬಂದರೆ ಆಯಿತು. ಬೋರ್ಡಿನ ಮೇಲೇ ಇರುವ ಒಂದು ಸಣ್ಣ ಚಿಪ್ ಪೆನ್‌ಡ್ರೈವ್ ಓದಿ, ಹೊಸ ಬಯೋಸನ್ನು ತಾನೇ ಬರೆಯುತ್ತದೆ. ಈ ಬಟನ್ ಎಲ್ಲಾ ಬಿ450 ಬೋರ್ಡಿನಲ್ಲೂ ಇರುವುದಿಲ್ಲ. 2019ರಲ್ಲಿ ನಾನು ಈ ಬೋರ್ಡ್ ಆರಿಸಿದ್ದು ಇದಕ್ಕಾಗಿ ಅಂತ ಹೇಳಿಕೊಳ್ಳಲು ಆಸೆ. ನಿಜವಾಗಿ ಆರಿಸಿದ್ದು ಅಂಗಡಿಯಲ್ಲಿ ಆವತ್ತು ಅದೇ ಇತ್ತು ಅನ್ನುವ ಕಾರಣಕ್ಕೆ.

ಬಟನ್ ಏನೋ ಇದೆ, ಅದನ್ನು ಒಲಿಸಿಕೊಳ್ಳಲು ನಲವತ್ತು ನಿಮಿಷ ಹಿಡಿಯಿತು. ಹಳೇ ಲ್ಯಾಪ್‌ಟಾಪಿನಲ್ಲಿ ಬಯೋಸ್ ಡೌನ್‌ಲೋಡ್ ಮಾಡಿ, ಜಿಪ್ ಬಿಚ್ಚಿ, 64 ಜಿಬಿಯ ಪೆನ್‌ಡ್ರೈವಿಗೆ ಹಾಕಿದೆ. ಚುಚ್ಚಿದೆ, ಬಟನ್ ಮೂರು ಸೆಕೆಂಡ್ ಒತ್ತಿ ಹಿಡಿದೆ. ಲೈಟ್ ನಾಲ್ಕು ಸಲ ಮಿಟುಕಿತು, ನಿಂತಿತು. ಹೀಗೆ ಬೇಗ ನಿಂತರೆ ಪೆನ್‌ಡ್ರೈವ್ ಒಪ್ಪಿಗೆ ಆಗಿಲ್ಲ ಅಂತ ಅರ್ಥ. ಅದು ಎಕ್ಸ್‌ಫ್ಯಾಟ್‌ನಲ್ಲಿ ಫಾರ್ಮ್ಯಾಟ್ ಆಗಿತ್ತು. ಈ ಚಿಪ್ಪಿಗೆ ಗೊತ್ತಿರುವುದು ಫ್ಯಾಟ್32 ಮಾತ್ರ. ಮೇಜಿನ ಡ್ರಾಯರಿನಲ್ಲಿ ಮುಚ್ಚಳ ಕಳೆದುಕೊಂಡ ಒಂದು 8 ಜಿಬಿ ಪೆನ್‌ಡ್ರೈವ್ ಸಿಕ್ಕಿತು. ಫ್ಯಾಟ್32 ಮಾಡಿದೆ. ಫೈಲಿನ ಹೆಸರನ್ನು ಕಂಪನಿ ಹೇಳಿದ ಹೆಸರಿಗೇ ಬದಲಿಸಿದೆ. ಪ್ರತಿ ಕಂಪನಿಗೂ ಅದರದೇ ಹೆಸರು ಬೇಕು, ಒಂದಕ್ಷರ ತಪ್ಪಿದರೂ ಓದುವುದಿಲ್ಲ. ಮತ್ತೆ ನಾಲ್ಕು ಮಿಟುಕು, ನಿಂತಿತು.

ಈ ಸಲ ತಪ್ಪು ಕಿಂಡಿಯದು. ಹಿಂದೆ ಆರು ಯುಎಸ್‌ಬಿ ಕಿಂಡಿಗಳಿವೆ. ಫ್ಲ್ಯಾಶ್‌ಬ್ಯಾಕ್ ಓದುವುದು ಒಂದರಲ್ಲಿ ಮಾತ್ರ. ಅದರ ಸುತ್ತ ಒಂದು ಗೆರೆ ಎಳೆದಿದ್ದಾರೆ, ಕಪ್ಪು ತಗಡಿನ ಮೇಲೆ ಬೂದು ಬಣ್ಣದ ಗೆರೆ. ಕ್ಯಾಬಿನೆಟ್ಟಿನ ಹಿಂದೆ, ಗೋಡೆ ಕಡೆ, ರಾತ್ರಿ ಹನ್ನೊಂದಕ್ಕೆ ಆ ಗೆರೆ ಯಾರಿಗೆ ಕಾಣಬೇಕು?

ಸರಿಯಾದ ಕಿಂಡಿಗೆ ಚುಚ್ಚಿ ಒತ್ತಿದೆ. ಮಿಟುಕು ನಿಲ್ಲಲಿಲ್ಲ. ಮೊದಲು ನಿಧಾನ, ಆಮೇಲೆ ಸ್ವಲ್ಪ ಜೋರು. ಈ ಹೊತ್ತಿನಲ್ಲಿ ಕರೆಂಟ್ ಹೋದರೆ ಬೋರ್ಡ್ ಅರ್ಧಂಬರ್ಧ ಬರೆದ ಬಯೋಸ್ ಇಟ್ಟುಕೊಂಡು ಕೂರುತ್ತದೆ. ಯುಪಿಎಸ್ ಇತ್ತು, ಆದರೂ ನಾನು ಉಸಿರು ಬಿಗಿಹಿಡಿದು ಮೋಟಾರು, ಮಿಕ್ಸಿ ಏನೂ ಹಾಕದ ಹಾಗೆ ಮನೆಯವರಿಗೆಲ್ಲಾ ಹೇಳಿ ಬಂದಿದ್ದೆ. ಐದಾರು ನಿಮಿಷವಾದ ಮೇಲೆ ಲೈಟ್ ಆರಿತು. ಪವರ್ ಒತ್ತಿದೆ. ಸಿಪಿಯು ಲೈಟ್ ಹತ್ತಿತು. ಆರಿತು.

ಈ ಒಂದು ಲೈಟ್ ಆರಿದ್ದಕ್ಕೆ ಆದ ಖುಷಿ, ಹೊಸ ಕಂಪ್ಯೂಟರ್ ಕೊಂಡಾಗಲೂ ಆಗಿರಲಿಲ್ಲ.

ಪಕ್ಕದ ಡಿರ‍್ಯಾಮ್ ಲೈಟ್ ಹತ್ತಿತು. ಅದು ಆರಲಿಲ್ಲ. ಹೊಸ ರ‍್ಯಾಮ್ ಹಾಕಿದಾಗ ಮೊದಲ ಸಲ ಬೋರ್ಡ್ ಅದರ ವೇಗ, ವೋಲ್ಟೇಜು ಎಲ್ಲಾ ಹೊಂದಿಸಿಕೊಳ್ಳಲು ಸಮಯ ತೆಗೆದುಕೊಳ್ಳುತ್ತದೆ, ತಾನೇ ಒಂದೆರಡು ಸಲ ಆಫ್ ಆಗಿ ಆನ್ ಆಗುತ್ತದೆ. ಅವಸರ ಮಾಡಿ ಪವರ್ ಕೀಳಬಾರದು. ಹಾಗಾಗಿ ಹದಿನೈದು ನಿಮಿಷ ಕಾದೆ. ಆರಲಿಲ್ಲ. ಒಂದನ್ನು ತೆಗೆದು, ಪ್ರೊಸೆಸರ್ ಕಡೆಯಿಂದ ಎರಡನೇ ಕಿಂಡಿಗೆ ಒಂದೇ ರ‍್ಯಾಮ್ ಹಾಕಿದೆ. ಲೈಟ್ ಆರಿತು! ಇನ್ನೊಂದನ್ನು ನಾಲ್ಕನೇ ಕಿಂಡಿಗೆ ಹಾಕಿದೆ. ಹತ್ತಿ ನಿಂತಿತು.

ಆ ರ‍್ಯಾಮೇ ಕೆಟ್ಟಿದೆ, ವಾಪಸ್ ಕಳಿಸಬೇಕು ಅಂತ ತೀರ್ಮಾನಿಸಿ ಮಲಗಿದೆ. ಬೆಳಿಗ್ಗೆ ಬೆಳಕಿನಲ್ಲಿ ನೋಡಿದರೆ ಅದರ ಒಂದು ತುದಿಯಲ್ಲಿ ಚಿನ್ನದ ಬಣ್ಣದ ಗೆರೆ ಕೂದಲೆಳೆಯಷ್ಟು ಹೊರಗೆ ಕಾಣುತ್ತಿತ್ತು. ಈ ಬೋರ್ಡಿನಲ್ಲಿ ರ‍್ಯಾಮ್ ಕಿಂಡಿಗೆ ಒಂದೇ ಕಡೆ ಕ್ಲಿಪ್. ಗ್ರಾಫಿಕ್ಸ್ ಕಾರ್ಡ್ ಕಡೆಯ ತುದಿಗೆ ಇಲ್ಲ. ಕ್ಲಿಪ್ ಇರುವ ಕಡೆ ಟಕ್ ಅಂದರೆ ಕೂತಿತು ಅಂದುಕೊಳ್ಳುತ್ತೇವೆ, ಆ ಕಡೆ ತುದಿ ಇನ್ನೂ ತೇಲುತ್ತಿರುತ್ತದೆ. ಕ್ಲಿಪ್ ಇಲ್ಲದ ತುದಿಯನ್ನು ಮೊದಲು ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿ, ಆಮೇಲೆ ಇನ್ನೊಂದು ತುದಿ ಒತ್ತಬೇಕು. ಬೋರ್ಡೇ ಮುರಿದುಹೋಗುತ್ತೇನೋ ಅನ್ನಿಸುವಷ್ಟು ಒತ್ತಬೇಕಾಯಿತು. ಕೂತಿತು. ಎರಡು ಕಡೆ ಕ್ಲಿಪ್ ಇಟ್ಟಿದ್ದರೆ ಕಂಪನಿಗೆ ಏನು ಹೋಗುತ್ತಿತ್ತು ಅಂತ ನನಗೆ ಇವತ್ತಿಗೂ ಸಿಟ್ಟು. ಉದ್ದದ ಗ್ರಾಫಿಕ್ಸ್ ಕಾರ್ಡಿಗೆ ಕ್ಲಿಪ್ ತಾಗಬಾರದು ಅಂತ ಹೀಗೆ ಮಾಡುತ್ತಾರೆ, ಗೊತ್ತು. ಆದರೂ.

ವಿಜಿಎ ಲೈಟ್ ಹತ್ತಿದ್ದೂ ಆರಿದ್ದೂ ಗೊತ್ತಾಗಲಿಲ್ಲ. ಮಾನಿಟರ್ ಮಾತ್ರ ಕಪ್ಪಗೇ ಇತ್ತು, ಯಾಕಂದರೆ ಎಚ್‌ಡಿಎಂಐ ವೈರನ್ನು ಗ್ರಾಫಿಕ್ಸ್ ಕಾರ್ಡ್ ಬಿಟ್ಟು ಬೋರ್ಡಿಗೆ ಚುಚ್ಚಿದ್ದೆ. ಬೋರ್ಡಿನಲ್ಲಿ ಆ ಕಿಂಡಿ ಇದ್ದರೂ 5600ರಲ್ಲಿ ಗ್ರಾಫಿಕ್ಸ್ ಇಲ್ಲ. ಕೊನೆಗೆ ಜಿ ಅಕ್ಷರ ಇರುವ 5600ಜಿ ಆಗಿದ್ದರೆ ಬರುತ್ತಿತ್ತು. ಇದನ್ನು ಮಗನಿಗೆ ಹೇಳಿಲ್ಲ.

ವೈರ್ ಬದಲಿಸಿದ ಕೂಡಲೇ ಪರದೆ ಬಂತು. ಬಂದದ್ದು ಎದೆ ಝಲ್ ಅನ್ನಿಸುವ ಸಂದೇಶ. ಹೊಸ ಪ್ರೊಸೆಸರ್ ಹಾಕಿದ್ದೀರಿ, ಎಫ್‌ಟಿಪಿಎಂನಲ್ಲಿ (ಪ್ರೊಸೆಸರ್ ಗುಟ್ಟಿನ ಕೀಗಳನ್ನು ಕಾಯುವ ಜಾಗ) ಇದ್ದ ಮಾಹಿತಿ ಹಾಳಾಗಿದೆ ಅಥವಾ ಬದಲಾಗಿದೆ, ಅಳಿಸಲು ವೈ ಒತ್ತಿ, ಉಳಿಸಲು ಎನ್ ಒತ್ತಿ. ಡಿಸ್ಕಿಗೆ ಬಿಟ್‌ಲಾಕರ್ ಬೀಗ ಹಾಕಿದ್ದರೆ ರಿಕವರಿ ಕೀ ಇಲ್ಲದೆ ವಿಂಡೋಸ್ ತೆರೆಯುವುದಿಲ್ಲ ಅಂತಲೂ ಇತ್ತು. ನನ್ನ ಕಂಪ್ಯೂಟರಿನಲ್ಲಿ ಬಿಟ್‌ಲಾಕರ್ ಹಾಕಿರಲಿಲ್ಲ, ಹಾಗಾಗಿ ವೈ ಒತ್ತಿದೆ. ನೀವು ಹಾಕಿದ್ದೀರೋ ಇಲ್ಲವೋ ಅಂತ ಗೊತ್ತಿಲ್ಲದಿದ್ದರೆ ಕ್ಯಾಬಿನೆಟ್ ಬಿಚ್ಚುವ ಮೊದಲೇ ನೋಡಿಕೊಳ್ಳಿ. ಹಾಕಿದ್ದರೆ ಅದನ್ನು ತಾತ್ಕಾಲಿಕವಾಗಿ ನಿಲ್ಲಿಸಿ, 48 ಅಂಕಿಯ ಆ ಕೀಯನ್ನು ಕಾಗದದ ಮೇಲೆ ಬರೆದಿಡಿ. ಪ್ರೊಸೆಸರ್ ಬದಲಾಯಿಸಿದರೆ ಬೀಗದ ಕೈಯೂ ಅದರ ಜೊತೆ ಹೋಗುತ್ತದೆ ಅಂತ ಬಾಕ್ಸಿನ ಮೇಲೆ ಯಾರೂ ಬರೆಯುವುದಿಲ್ಲ.

ಇನ್ನೇನು ಮುಗಿಯಿತು ಅಂದರೆ ನಾಲ್ಕನೇ ಲೈಟು. ಬೂಟ್. ನೇರ ಬಯೋಸಿಗೆ ಹೋಗಿ ನಿಲ್ಲುತ್ತಿತ್ತು. ವಿಂಡೋಸ್ ಇರುವ ಹಳೇ ಸಾಟಾ ಎಸ್‌ಎಸ್‌ಡಿ (ವೈರಿನಿಂದ ಬೋರ್ಡಿಗೆ ಜೋಡಿಸುವಂಥದ್ದು) ಪಟ್ಟಿಯಲ್ಲೇ ಇಲ್ಲ. ಆರು ವರ್ಷದ ಕೆಲಸ ಅದರಲ್ಲಿದೆ. ಬ್ಯಾಕಪ್ ಇತ್ತು, ಆದರೂ ಹೊಟ್ಟೆಯಲ್ಲಿ ಏನೋ ಆಗುತ್ತದಲ್ಲ, ಹಾಗೆ.

ಕಾರಣ ಪುಸ್ತಿಕೆಯ ಕೊನೆಯ ಕಡೆ ಒಂದು ಕೋಷ್ಟಕದ ಕೆಳಗೆ, ಇರುವೆ ಸಾಲಿನಂಥ ಅಕ್ಷರದಲ್ಲಿತ್ತು. ಎಂ.2 ಕಿಂಡಿಗೆ, ಅಂದರೆ ನನ್ನ ಹೊಸ ಎನ್‌ವಿಎಂಇ ಕೂತ ಜಾಗಕ್ಕೆ, ಎಸ್‌ಎಸ್‌ಡಿ ಹಾಕಿದರೆ ಐದು ಮತ್ತು ಆರನೇ ಸಾಟಾ ಕಿಂಡಿಗಳು ಕೆಲಸ ಮಾಡುವುದಿಲ್ಲ. ಒಂದೇ ದಾರಿಯನ್ನು ಇಬ್ಬರೂ ಹಂಚಿಕೊಳ್ಳುತ್ತಾರೆ. ನನ್ನ ಹಳೇ ಎಸ್‌ಎಸ್‌ಡಿ ಐದನೇ ಕಿಂಡಿಯಲ್ಲಿತ್ತು. ವೈರ್ ಕಿತ್ತು ಒಂದನೇ ಕಿಂಡಿಗೆ ಹಾಕಿದೆ, ಹಾಜರ್. ಯಾವ ಕಿಂಡಿಗಳು ಅನ್ನುವುದು ಬೋರ್ಡಿನಿಂದ ಬೋರ್ಡಿಗೆ ಬೇರೆ, ಆದರೆ ಬಿ450ನಲ್ಲಿ ಇಂಥ ಕರಾರು ಸಾಮಾನ್ಯ. ಹೊಸ ಎಸ್‌ಎಸ್‌ಡಿ ಹಾಕಿದ್ದೇ ಹಳೆಯದು ಮಾಯವಾಯಿತು ಅನ್ನುವವರು ಮೊದಲು ಇದನ್ನು ನೋಡಿ.

ಡಿಸ್ಕ್ ಕಂಡಿತು, ವಿಂಡೋಸ್ ಮಾತ್ರ ಬರಲಿಲ್ಲ. ಬಯೋಸ್ ಹೊಸದಾದಾಗ ಸೆಟ್ಟಿಂಗ್ ಎಲ್ಲಾ ಕಂಪನಿ ಇಟ್ಟಂತೆ ಆಗುತ್ತದೆ. ಹೊಸ ಬಯೋಸಿನಲ್ಲಿ ಸಿಎಸ್‌ಎಂ, ಅಂದರೆ ಹಳೇ ಪದ್ಧತಿಯ ಡಿಸ್ಕಿನಿಂದಲೂ ವಿಂಡೋಸ್ ಏಳಿಸುವ ಸೌಲಭ್ಯ, ಆಫ್. ನನ್ನ ವಿಂಡೋಸ್ 2019ರಲ್ಲಿ ಹಳೇ ಪದ್ಧತಿಯಲ್ಲಿ, ಎಂಬಿಆರ್ ಡಿಸ್ಕಿನ ಮೇಲೆ ಹಾಕಿದ್ದು. ಅದಕ್ಕೆ ಸಿಎಸ್‌ಎಂ ಬೇಕು. ಆನ್ ಮಾಡಿದೆ, ಉಳಿಸಿದೆ. ನಾಲ್ಕನೇ ಲೈಟ್ ಆರಿತು, ವಿಂಡೋಸಿನ ನೀಲಿ ಕಿಟಕಿ ಬಂತು. ಆಮೇಲೆ ಭಾನುವಾರ ಬಿಡುವಾಗಿ, ಬ್ಯಾಕಪ್ ತೆಗೆದು, ವಿಂಡೋಸಿನಲ್ಲೇ ಇರುವ ಎಂಬಿಆರ್2ಜಿಪಿಟಿ ಕಮ್ಯಾಂಡಿನಿಂದ ಡಿಸ್ಕನ್ನು ಹೊಸ ಪದ್ಧತಿಗೆ ಬದಲಿಸಿ ಸಿಎಸ್‌ಎಂ ಆಫ್ ಮಾಡಿದೆ. ಏನೂ ಅಳಿಸಲಿಲ್ಲ. ರ‍್ಯಾಮ್ 3200 ವೇಗದ್ದಾದರೂ ನಿಧಾನವಾಗಿ ಓಡುತ್ತಿತ್ತು, ಬಯೋಸಿನಲ್ಲಿ ಅದನ್ನು ಪೂರ್ತಿ ವೇಗಕ್ಕೆ ಏರಿಸುವ ಎಕ್ಸ್‌ಎಂಪಿ ಸೆಟ್ಟಿಂಗ್ ಆನ್ ಮಾಡಿದ ಮೇಲೆ ಸರಿಹೋಯಿತು.

ಇನ್ನು ಅಂಕ ಕೊಡುವುದು. ಐದಕ್ಕೆ ಮೂರೂವರೆ. ಆ ಬಟನ್ ಇಲ್ಲದಿದ್ದರೆ ಎರಡೂ ಕೊಡುತ್ತಿರಲಿಲ್ಲ. ನಾಲ್ಕು ಲೈಟಿಗೆ ಇನ್ನೂ ಜಾಸ್ತಿ ಕೊಡಬೇಕು ಅನ್ನಿಸುತ್ತದೆ. ನನ್ನ ಕಂಪ್ಯೂಟರಿಗೆ ಇದ್ದದ್ದು ಒಂದು ರೋಗವಲ್ಲ, ಒಂದರ ಹಿಂದೆ ಒಂದು ಅಡಗಿದ್ದ ನಾಲ್ಕೈದು. ಲೈಟ್ ಇಲ್ಲದಿದ್ದರೆ ಎಲ್ಲಕ್ಕೂ ಒಂದೇ ಮುಖ, ಕಪ್ಪು ಪರದೆ. ಆಗ ನಾನು ಪ್ರೊಸೆಸರನ್ನೂ ರ‍್ಯಾಮನ್ನೂ ಎರಡನ್ನೂ ಕೆಟ್ಟಿದೆ ಅಂತ ವಾಪಸ್ ಕಳಿಸುತ್ತಿದ್ದೆ, ಅವರು ಪರೀಕ್ಷಿಸಿ ಸರಿಯಿದೆ ಅಂತ ತಿರುಗಿ ಕಳಿಸುತ್ತಿದ್ದರು. ಕಳೆದ ಒಂದೂವರೆ ಅಂಕ ಪುಸ್ತಿಕೆಗೆ, ಸಹಾಯವಾಣಿಗೆ, ಬೂದು ಗೆರೆಗೆ. ಹೊಸ ಬಯೋಸಿನಲ್ಲಿ ಹಳೇ ಬಣ್ಣದ ಪರದೆ ಹೋಗಿ ಸಪ್ಪೆ ಪಟ್ಟಿ ಬಂದಿದೆ, ಅದಕ್ಕೆ ಕಳೆಯುವುದಿಲ್ಲ. 16 ಎಂಬಿಯಲ್ಲಿ ಇನ್ನೆಷ್ಟು ಅಂತ ತುಂಬುತ್ತಾರೆ.

ಈಗ ಈ ಬೋರ್ಡ್ ಹೊಸದಾಗಿ ಕೊಳ್ಳಬಹುದಾ ಅಂದರೆ, ಬೇಡ. ಎಎಂ4 ಕಾಲ ಮುಗಿಯುತ್ತಾ ಬಂತು. ಆದರೆ ನಿಮ್ಮಲ್ಲಿ ಇದ್ದರೆ ಎಸೆಯಬೇಡಿ, ಅದರಲ್ಲಿ ಇನ್ನೂ ಜೀವ ಇದೆ. ಬೇರೆ ಯಾವ ಬೋರ್ಡ್ ಕೊಂಡರೂ ಹಿಂದೆ ಆ ಬಟನ್ ಇದೆಯಾ, ಅಂಚಿನಲ್ಲಿ ಆ ಲೈಟಿವೆಯಾ ನೋಡಿ. ಬಣ್ಣದ ಲೈಟು ಆಮೇಲೆ.

ಕೇಬಲ್ಲನ್ನು ಒಂದು ದಾರದಿಂದ ಪಕ್ಕಕ್ಕೆ ಎಳೆದು ಕಟ್ಟಿದ್ದೇನೆ, ಈಗ ನಾಲ್ಕೂ ಲೈಟು ಕಾಣುತ್ತವೆ. ಕ್ಯಾಬಿನೆಟ್ಟಿನ ಬಾಗಿಲ ಒಳಮೈಗೆ ಬಯೋಸ್ ನಂಬರ್, ತಾರೀಕು, ಫ್ಲ್ಯಾಶ್‌ಬ್ಯಾಕ್ ಕಿಂಡಿ ಮೇಲಿಂದ ಎಷ್ಟನೆಯದು ಅಂತ ಬರೆದ ಚೀಟಿ ಅಂಟಿಸಿದ್ದೇನೆ. ಹಳೇ 2600ರ ಬಾಗಿದ ಪಿನ್ನನ್ನು ಸೀಸ ತೆಗೆದ ಲೆಡ್ ಪೆನ್ಸಿಲಿನ ಮೂತಿಯೊಳಗೆ ಸೇರಿಸಿ ಮೆಲ್ಲಗೆ ನೆಟ್ಟಗೆ ಮಾಡಿದೆ. ಕೆಲಸ ಮಾಡುತ್ತದೋ ಇಲ್ಲವೋ ಪರೀಕ್ಷಿಸಿಲ್ಲ. “ಅಮ್ಮ, ಅದನ್ನು ನನಗೆ ಕೊಡು” ಅಂತ ಮಗ ಕೇಳುತ್ತಿದ್ದಾನೆ. ಅವನ ಬೋರ್ಡಿನ ಬಯೋಸ್ ಪಟ್ಟಿಯ ಕೊನೇ ಕಾಲಂ ನೋಡಿಕೊಂಡು ಬಾ ಅಂದಿದ್ದೇನೆ.